ಹಾಫ್ ಕ್ಲಚ್

ವಾರವಿಡೀ ಬ್ಯಾಂಕಿನ ಲೆಜರು,
ಆದಿತ್ಯವಾರ ನನ್ನ ಕೈಗೆ ಸ್ಟಾಪ್‌ವಾಚು.
ಅಕ್ಷರ ಚಂದ ಉಂಟೆಂದು ಕ್ಲಬ್ಬಿನವರು
ಫಲಿತಾಂಶದ ಹಲಗೆಯನ್ನೂ ನನಗೇ ಕೊಟ್ಟಿದ್ದರು.
ಕಾರು ಬಿಡಲು ನನಗೆ ಬರುತ್ತಿರಲಿಲ್ಲ.
ಅದನ್ನು ಯಾರೂ ಕೇಳಿರಲಿಲ್ಲ.

ಬೈಕಂಪಾಡಿಯಾಚೆ, ಮುಚ್ಚಿದ ಹಂಚಿನ ಕಾರ್ಖಾನೆಯ ಅಂಗಳ:
ಆವೆಮಣ್ಣಿನ ನೆಲ, ಟಾರು ಡಬ್ಬಿಗಳ ತಿರುವು,
ಸುಣ್ಣದ ಗೆರೆ ಎರಡನೇ ಓಟಕ್ಕೇ ಮಾಯ.
ಹದಿನೇಳು ಕಾರು ಬಂದರೆ ಅದರಲ್ಲೊಂದು
ವಲೇರಿಯನ್ ಕ್ರಾಸ್ತಾ ಬಿಡುವ, ಬೇರೆಯವರ ಕಾರು.

ಬೇರೆಯವರದ್ದು ಎಂಬುದಕ್ಕೆ ಅಡಿಗೆರೆ ಹಾಕಬೇಕು.
ಮೊದಲು ಬೀಡಿ ಸಾಹುಕಾರರ ಫಿಯಟ್ಟು;
ಅವರ ಮಗನಿಗೆ ಮೀಸೆ ಬಂತು, ಇವನ ಸೀಟು ಹೋಯಿತು.
ಆಮೇಲೆ ಐಸ್ ಪ್ಲಾಂಟಿನವರ ಮಾರುತಿ,
ಬಾಗಿಲು ತೆರೆದರೆ ಬಂಗುಡೆ ವಾಸನೆ.
ಎರಡು ವರ್ಷ ಗೇರುಬೀಜದವರ ಜಿಪ್ಸಿ,
ಬಾನೆಟ್ಟಿನ ತುಂಬ ಕಂಪೆನಿಯ ಹೆಸರು,
ಇವನದ್ದು ಕಿಟಕಿಯ ಮೇಲೆ, ಇರುವೆ ಸಾಲಿನ ಹಾಗೆ.
ಒಂದಿಡೀ ವರ್ಷ ಯಾರದೂ ಇಲ್ಲ.
ಆಗ ನನ್ನ ಮೇಜಿನ ಪಕ್ಕ ಬಂದು ನಿಂತು
ಇನ್ನೊಬ್ಬರು ಗೇರು ಬದಲಿಸುವುದನ್ನು
ಕಣ್ಣು ಮುಚ್ಚಿ ಕೇಳುತ್ತಿದ್ದ.
"ಮೂರನೆಯದು ಬೇಗ ಹಾಕಿದ, ನೋಡಿ" ಎನ್ನುವಷ್ಟರಲ್ಲಿ
ಆ ಕಾರು ಡಬ್ಬಿಗೆ ಹೊಡೆದಿರುತ್ತಿತ್ತು.

ಇಪ್ಪತ್ತೊಂದು ವರ್ಷ. ಹಲಗೆಯ ಮೇಲೆ ನಾನೇ ಬರೆದದ್ದು:
ಒಂಬತ್ತು. ಹನ್ನೊಂದು. ಆರು. ಹನ್ನೊಂದು.
ಆಕ್ಸಲ್ ತುಂಡು.
ಒಂಬತ್ತು. ರೇಡಿಯೇಟರ್. ಏಳು.
ಸೀಮೆಸುಣ್ಣ ಒದ್ದೆಯಾದ ದಿನ ಏನೂ ಇಲ್ಲ.
ಗೆದ್ದವರಿಗೆ ಕೊಯಮತ್ತೂರಿನಿಂದ ಕರೆ ಬಂತು,
ಸೋತವರು ಮದುವೆಯಾಗಿ ಶಟರ್ ಎಳೆದರು.
ಇವನು ಸೋಮವಾರ ಪಡೀಲಿನ ಗ್ಯಾರೇಜಿನಲ್ಲಿ
ಅದೇ ಕಾರಿನ ಕೆಳಗೆ ಅಂಗಾತ ಬಿದ್ದಿರುತ್ತಿದ್ದ.
ಯಾರೋ ಕೊಟ್ಟದ್ದನ್ನು
ಕೊಟ್ಟ ಹಾಗೆಯೇ ಹಿಂದಿರುಗಿಸಬೇಕಲ್ಲ.

ತೊಂಬತ್ತಾರರ ಫೆಬ್ರವರಿ, ಸಂಜೆಯ ಕೊನೆಯ ಓಟ.
ಅವತ್ತು ಜಿಪ್ಸಿ ಅಡ್ಡ ಜಾರಿತು. ಬೀಳುವ ಜಾರಾಟ ಅಲ್ಲ,
ಕಾವಲಿಯ ಮೇಲೆ ತೆಂಗಿನೆಣ್ಣೆ ಹರಡುವ ಹಾಗೆ,
ಎಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತಿದ್ದು.
ಕೆಂಪು ದೂಳಿನೊಳಗಿಂದ
ಅವನ ಮುಖ ಒಂದು ಕ್ಷಣ ಕಂಡಿತು:
ಜಗಲಿಯಲ್ಲಿ ಕೂತು ಚಾ ಕುಡಿಯುವವನ ಮುಖ.
ನಾನು ಬಾಯಿ ತೆರೆದು ನೋಡುತ್ತಿದ್ದೆ.
ಹೆಬ್ಬೆರಳಿಗೆ ಗೋಳಿಬಜೆಯ ಎಣ್ಣೆ.
ಗುಂಡಿ ಒತ್ತಿದ್ದು ಆಮೇಲೆ.

ಎಷ್ಟು ಆಮೇಲೆ? ಅದನ್ನು ಅಳೆಯುವ ಗಡಿಯಾರ
ನನ್ನ ಕೈಯಲ್ಲೇ ಇತ್ತು.
ಒಂದರಿಂದ ನಾಲ್ಕರವರೆಗೆ ಎಲ್ಲರೂ ಅರ್ಧ ಸೆಕೆಂಡಿನೊಳಗೆ.
"ನಾಲ್ಕು" ಎಂದು ಬರೆದೆ,
ಚಂದದ ಅಕ್ಷರದಲ್ಲಿ.
ಆರು ತಿಂಗಳ ಮೇಲೆ, ಇನ್ಯಾರದ್ದೋ ಟಯರಿನ ತಕರಾರಾಗಿ,
ಮೂರನೆಯ ಕಪ್ಪು ಬಸ್ಸಿನ ಪಾರ್ಸೆಲಿನಲ್ಲಿ ಬಂತು.
ಮೊದಲಿದ್ದ ಹೆಸರನ್ನು ಮೊಳೆಯಿಂದ ಕೆರೆದಿದ್ದರು.
ಅವನು ಅದರಲ್ಲಿ ನಟ್ಟು, ವಾಶರು ಹಾಕಿಟ್ಟ.

ಈಗ ನನಗೆ ಅರುವತ್ತೆರಡು.
ಸೆಕೆಂಡ್ ಹ್ಯಾಂಡ್ ಆಲ್ಟೋ ಮನೆಯೆದುರು ಟಾರ್ಪಾಲಿನ ಕೆಳಗೆ.
ಕಲಿಸುವವನು, ಮತ್ತೆ ಯಾರದ್ದೋ ಡ್ರೈವಿಂಗ್ ಸ್ಕೂಲಿನ
ಯಾರದ್ದೋ ಕಾರಿನ ಎಡಗಡೆ ಸೀಟಿನಲ್ಲಿ, ಕ್ರಾಸ್ತಾ.
ಅವನ ಕಾಲಡಿಯಲ್ಲೂ ಒಂದು ಬ್ರೇಕು.

ಬಾವುಟಗುಡ್ಡೆಯ ಏರಿನಲ್ಲಿ ಮುಂದಿನ ರಿಕ್ಷಾ ನಿಂತಿತು.
ನಮ್ಮದು ಹಿಂದಕ್ಕೆ ಜಾರತೊಡಗಿತು,
ಹಿಂದೆ ಸಿಟಿ ಬಸ್ಸು, ಅದರ ಹಾರ್ನು, ಕಂಡಕ್ಟರನ ಬಾಯಿ.
"ವಲ್ಲಿ," ಎಂದೆ, "ತೊಂಬತ್ತಾರರಲ್ಲಿ, ಆ ಕೊನೆಯ ಓಟದಲ್ಲಿ,
ನನ್ನ ಹೆಬ್ಬೆರಳು..."

"ಮಾತು ಆಮೇಲೆ ಮಾರಾಯ್ರೆ. ಕ್ಲಚ್ಚು ಅರ್ಧ ಬಿಡಿ.
ಇನ್ನೂ ಸ್ವಲ್ಪ. ಕೇಳ್ತದಾ? ಇಂಜಿನು ದನಿ ಬದಲಿಸ್ತದೆ.
ಹಾಂ, ಅಲ್ಲೇ. ಅಲ್ಲೇ ಹಿಡ್ಕೊಳ್ಳಿ."

ಹಿಡಿದುಕೊಂಡೆ.
ಕಾರು ಮುಂದೆಯೂ ಹೋಗಲಿಲ್ಲ, ಹಿಂದೆಯೂ ಇಲ್ಲ.
ಓರೆಗಣ್ಣಲ್ಲಿ ಕೆಳಗೆ ನೋಡಿದೆ:
ಅವನ ಪಾದ ಬ್ರೇಕಿನ ಮೇಲೆ ಇರಲೇ ಇಲ್ಲ.